ಡಾಂಟಿಂಗ್ ಅಂದರೆ ಯಾರಿಗೆ ಹೆದರಿಕೆ

ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಹತ್ತಿ ಮುಗಿಯುತ್ತದೆ, ಕೈಗವಸು ಮುಗಿಯುತ್ತದೆ, ಬೇಸಿಗೆ ಬಂದರೆ ನಲ್ಲಿಯ ನೀರೂ ಮುಗಿಯುತ್ತದೆ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ಮುಗಿಯದೆ ಉಳಿದ ಸಾಮಾನು ಎಂದರೆ ಡಾಂಟಿಂಗ್ ಎಂಬ ಇಂಗ್ಲಿಷ್ ಶಬ್ದ ಒಂದೇ. ವಾರಾಣಸಿಯ ಒಂದು ಧರ್ಮಾರ್ಥ ಟ್ರಸ್ಟಿನ ಆಸ್ಪತ್ರೆ ಅದು. ಊರ ನಡುವಿನ ಗೋದೌಲಿಯಾದಿಂದ ಆಟೋದಲ್ಲಿ ಹದಿನೈದು ನಿಮಿಷ, ಜಾಮ್ ಇದ್ದರೆ ಒಂದೂವರೆ ಗಂಟೆ. ಧಾರವಾಡದಿಂದ ಬಂದ ನಾನು ಇಲ್ಲಿ ಸರ್ಜನ್ ಆಗಿ ನೆಲೆ ನಿಂತೆ, ಹಿಂದಿ ಕಲಿತೆ, ಪಾನ್ ಜಗಿಯುವುದನ್ನು ಕಲಿಯಲಿಲ್ಲ. ಆ ಶಬ್ದವನ್ನು ಮಾತ್ರ ಎಲ್ಲರಿಗಿಂತ ಚೆನ್ನಾಗಿ ಕಲಿತೆ.

ನಿಘಂಟು ತೆಗೆದರೆ ಅದಕ್ಕೆ ‘ಎದೆಗುಂದಿಸುವ’ ಎಂಬ ಅರ್ಥ ಸಿಗುತ್ತದೆ. ಆದರೆ ನಾನು ಹುಟ್ಟಿದಾಗಿನಿಂದ ಯಾವ ಕನ್ನಡಿಗನೂ ಇನ್ನೊಬ್ಬನಿಗೆ ‘ಇವತ್ತೊಂದು ಎದೆಗುಂದಿಸುವ ಕೆಲಸ ಬಂತಪ್ಪ’ ಎಂದದ್ದನ್ನು ಕೇಳಿಲ್ಲ. ಇಂಥ ಶಬ್ದಗಳ ಅರ್ಥ ನಿಘಂಟಿನಲ್ಲಿ ಇರುವುದಿಲ್ಲ, ಬಳಸುವವರ ಮುಖದಲ್ಲಿರುತ್ತದೆ. ಗೋದೌಲಿಯಾದ ಗಲ್ಲಿಯಲ್ಲಿ ಗೂಳಿ ಎದುರಿಗೆ ಬಂದರೆ ಯಾರೂ ಅದನ್ನು ಡಾಂಟಿಂಗ್ ಎನ್ನುವುದಿಲ್ಲ. ಗೋಡೆಗೆ ಅಂಟಿಕೊಳ್ಳುತ್ತಾರೆ, ಇಲ್ಲವೆ ಪಕ್ಕದ ಸೀರೆ ಅಂಗಡಿಗೆ ನುಗ್ಗುತ್ತಾರೆ. ನುಗ್ಗಿದವರಿಗೆ ಅಂಗಡಿಯವನು ಸೀರೆ ಬಿಡಿಸಿ ತೋರಿಸಲು ಶುರುಮಾಡುತ್ತಾನೆ. ಹಾವು ಡಾಂಟಿಂಗ್ ಅಲ್ಲ, ಹುಚ್ಚುನಾಯಿಯೂ ಅಲ್ಲ. ಎದ್ದು ಓಡಬೇಕಾದ ಕಡೆ ಈ ಶಬ್ದಕ್ಕೆ ಕೆಲಸವೇ ಇಲ್ಲ. ಇದನ್ನು ಬಳಸುವವನಿಗೆ ಕೂರಲು ಕುರ್ಚಿ ಬೇಕು, ಮುಂದೆ ಚಹಾ ಬೇಕು, ತಲೆಯ ಮೇಲೆ ಫ್ಯಾನು ಬೇಕು. ಎದುರಿಗೆ ದೊಡ್ಡದೊಂದು ಕೆಲಸವಿರಬೇಕು, ಅದನ್ನು ಅವನೇ ಮಾಡಬೇಕಾಗಿರಬೇಕು, ಮಾಡುವ ಮನಸ್ಸು ಮಾತ್ರ ಇರಬಾರದು. ಆಗ ಅದು ಡಾಂಟಿಂಗ್ ಆಗುತ್ತದೆ.

ನಮ್ಮ ವಿಭಾಗದ ಮುಖ್ಯಸ್ಥರು ಈ ಶಬ್ದದ ದೊಡ್ಡ ಭಕ್ತರು. ನಮ್ಮ ಲಿಫ್ಟ್ ಕೆಟ್ಟಾಗ ಮೀಟಿಂಗ್ ಕರೆದರು. ಎಲ್ಲರಿಗೂ ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಬಂತು. ಮುಖ್ಯಸ್ಥರು ಕಣ್ಣು ಮುಚ್ಚಿ, “ಕಾಮ್ ತೋ ಡಾಂಟಿಂಗ್ ಹೈ” ಎಂದರು, ಕೆಲಸವೇನೋ ಡಾಂಟಿಂಗ್ ಎಂದು. ಎಲ್ಲರೂ ತಲೆಯಾಡಿಸಿದೆವು, ಚಹಾ ಮುಗಿಸಿದೆವು, ಎರಡು ವರ್ಷ ಕಳೆದವು. ಅಷ್ಟು ದಿನವೂ ರೋಗಿಗಳನ್ನು ಸ್ಟ್ರೆಚರ್ ಮೇಲೆ ಮೂರನೆಯ ಮಹಡಿಗೆ ಹೊತ್ತವರು ನಮ್ಮ ವಾರ್ಡಿನ ಆಳುಗಳು. ಪಾಪ, ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಆದ್ದರಿಂದ ಹೊತ್ತರು.

ಈ ಶಬ್ದದ ಮಹಿಮೆ ಇರುವುದೇ ಅಲ್ಲಿ. ‘ನನಗೆ ಹೆದರಿಕೆ’ ಎಂದವನನ್ನು ಪುಕ್ಕಲ ಎನ್ನುತ್ತಾರೆ. ‘ಇದು ಡಾಂಟಿಂಗ್’ ಎಂದವನನ್ನು ಅನುಭವಸ್ಥ ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಿಗೆ ನಾಲ್ಕಕ್ಷರ ಇಂಗ್ಲಿಷ್ ಬಂದಿದ್ದರೆ ನೆಲ ಡಾಂಟಿಂಗ್ ಎಂದು ಬರೆದುಕೊಟ್ಟು, ಅದೇ ನೆಲದ ಬಗ್ಗೆ ಭಾಷಣ ಮಾಡಲು ಆಹ್ವಾನ ಗಿಟ್ಟಿಸಿಕೊಳ್ಳುತ್ತಿದ್ದಳು.

ಮುಖ್ಯಸ್ಥರನ್ನು ಆಡಿಕೊಂಡದ್ದಾಯಿತು, ಇನ್ನು ನನ್ನ ಕಥೆ. ಅವರು ಆ ಶಬ್ದವನ್ನು ಬಾಯಲ್ಲಿ ಆಡುತ್ತಿದ್ದರು, ನಾನು ಬರೆಯುತ್ತಿದ್ದೆ. ಕೈಗೆತ್ತಿಕೊಳ್ಳಲು ಇಷ್ಟವಿಲ್ಲದ ರೋಗಿಯನ್ನು ದೆಹಲಿಗೋ ಲಖನೌಗೋ ಕಳಿಸಬೇಕಾದರೆ ಒಂದು ರೆಫರಲ್ ಚೀಟಿ ಬರೆಯಬೇಕು. ಆ ಚೀಟಿಯಲ್ಲಿ ‘ಕಷ್ಟ’ ಎಂದು ಬರೆದರೆ ನೀವೇ ಮಾಡಿ ಎಂದು ವಾಪಸು ಬರುತ್ತದೆ. ‘ಅಸಾಧ್ಯ’ ಎಂದು ಬರೆದರೆ ರೋಗಿಯ ಮನೆಯವರು ಅಲ್ಲೇ ಅಳಲು ಶುರುಮಾಡುತ್ತಾರೆ. ಡಾಂಟಿಂಗ್ ಎಂದು ಬರೆದರೆ ಯಾರಿಗೂ ನೋವಿಲ್ಲ, ರೋಗಿ ಗೌರವವಾಗಿ ಊರು ಬಿಡುತ್ತಾನೆ. ನನ್ನ ಚೀಟಿಗಳ ಇಂಗ್ಲಿಷ್ ಎಷ್ಟು ಚೆನ್ನಾಗಿರುತ್ತಿತ್ತೆಂದರೆ ಬೇರೆ ವಿಭಾಗದವರೂ ತಮ್ಮ ಚೀಟಿಗಳನ್ನು ತಿದ್ದಿಸಿಕೊಳ್ಳಲು ಬರುತ್ತಿದ್ದರು. ಕತ್ತಿ ಹಿಡಿಯುವ ಕೈಗೆ ಹೀಗೆ ಪೆನ್ನಿನ ಕೀರ್ತಿ ಬಂದದ್ದರ ಬಗ್ಗೆ ನಾನು ಆಗ ಹೆಚ್ಚು ಯೋಚಿಸಲಿಲ್ಲ.

ಹೀಗಿರುವಾಗ ಅಯ್ಯನವರು ಬಂದರು. ನಮ್ಮ ಕಡೆಯ ಮಠವೊಂದು ಇಲ್ಲಿನ ಗಲ್ಲಿಯೊಂದರಲ್ಲಿದೆ. ಹಬ್ಬಹರಿದಿನಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಸಿಗುತ್ತದೆಂಬ ಶುದ್ಧ ಭಕ್ತಿಯಿಂದ ನಾನು ಅಲ್ಲಿಗೆ ಹೋಗುತ್ತೇನೆ. ಅಲ್ಲಿ ಮೂವತ್ತು ವರ್ಷಗಳಿಂದ ಪೂಜೆ ನೋಡಿಕೊಂಡಿದ್ದವರು ಬೀದರ್ ಕಡೆಯ ಈ ಅಯ್ಯನವರು. ಎಪ್ಪತ್ತರ ಹತ್ತಿರದ ವಯಸ್ಸು, ಒಣಕಲು ಮೈ, ಆ ಮೈಯಿಂದ ಬರುವುದೆಂದು ನಂಬಲಾಗದಂಥ ಕಂಠ. ಬೆಳಗಿನ ಪ್ರಾರ್ಥನೆಯನ್ನು ಅವರು ಎತ್ತಿಕೊಟ್ಟರೆ ಉಳಿದವರು ಹಿಂದೆ ಹೇಳಬೇಕು. ಮಠದ ಎದುರಿನ ಹಾಲಿನವನು ಗಡಿಯಾರ ನೋಡುತ್ತಿರಲಿಲ್ಲ. ಅಯ್ಯನವರ ದನಿ ಕೇಳಿದ ಮೇಲೆ ಒಲೆ ಹೊತ್ತಿಸುತ್ತಿದ್ದ. ಆ ಕಂಠದ ಮುಂಭಾಗದಲ್ಲಿಯೇ ವರ್ಷಗಳಿಂದ ಒಂದು ಗಂಟು ಬೆಳೆಯುತ್ತಿತ್ತು, ಥೈರಾಯ್ಡ್ ಗಂಟು. ಮೊದಲು ಲಿಂಬೆಹಣ್ಣಿನಷ್ಟು ಇತ್ತು, ನಾನು ನೋಡನೋಡುತ್ತ ಬದನೆಕಾಯಿಯಷ್ಟಾಯಿತು. ಪ್ರತಿ ಸಲ ರೊಟ್ಟಿ ತಿನ್ನುವಾಗಲೂ ‘ಒಮ್ಮೆ ತೋರಿಸ್ರಿ’ ಎನ್ನುತ್ತಿದ್ದೆ. ಅವರು ಬರಲಿ ಎಂಬ ಆಸೆ ನನಗೂ ಹೆಚ್ಚಿರಲಿಲ್ಲ.

ಕೊನೆಗೆ ಬಂದದ್ದು ಅಂಗಾತ ಮಲಗಿದರೆ ಉಸಿರು ಕಟ್ಟತೊಡಗಿದ ಮೇಲೆ. ಮೂರು ತಿಂಗಳಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರಂತೆ. ಸ್ಕ್ಯಾನ್ ಮಾಡಿಸಿ ನೋಡಿದೆ. ಹೊರಗೆ ಕಾಣುವುದು ಅರ್ಧ, ಉಳಿದರ್ಧ ಎದೆಯ ಮೂಳೆಯ ಹಿಂದೆ ಇಳಿದು ಶ್ವಾಸನಾಳವನ್ನು ಒಂದು ಬದಿಗೆ ತಳ್ಳಿತ್ತು. ಬಿಟ್ಟರೆ ಒಂದು ದಿನ ಉಸಿರು ನಿಲ್ಲುತ್ತದೆ. ತೆಗೆಯಲು ಹೋದರೆ ಇನ್ನೊಂದು ಅಪಾಯವಿದೆ. ಆ ಗಂಟಿನ ಬೆನ್ನಿಗೆ ಅಂಟಿಕೊಂಡು, ಎಡಕ್ಕೊಂದು ಬಲಕ್ಕೊಂದು, ಶಾವಿಗೆ ಎಳೆಯಷ್ಟು ತೆಳ್ಳಗಿನ ಎರಡು ನರಗಳು ಹೋಗುತ್ತವೆ. ಮನುಷ್ಯನ ದನಿ ಇರುವುದು ಆ ಎರಡು ಎಳೆಗಳ ಮೇಲೆ.

ನಾನು ಪೆನ್ನು ತೆಗೆದೆ. ಎರಡು ಪ್ಯಾರಾ, ಒಂದೂ ತಪ್ಪಿಲ್ಲದ ಇಂಗ್ಲಿಷ್. ದೆಹಲಿಯ ದೊಡ್ಡ ಆಸ್ಪತ್ರೆಗೆ ಬರೆದ ಆ ಚೀಟಿಯನ್ನು ಮಡಚಿ ಕೊಟ್ಟು, ಮಠದವರಿಗೆ ಹೇಳಿ ರೈಲಿನ ಟಿಕೆಟ್ ಮಾಡಿಸಿಕೊಳ್ಳಿ ಎಂದೆ. ಅಯ್ಯನವರು ಚೀಟಿಯನ್ನು ಬಿಡಿಸಿ, ಓದಲು ಬಾರದಿದ್ದರೂ ಮೇಲಿಂದ ಕೆಳಗಿನ ತನಕ ನೋಡಿದರು.

“ಡಾಕ್ಟ್ರ, ಏನ್ ಬರದೀರಿ ಇದರಾಗ? ಒಂದೀಟು ಓದಿ ಹೇಳ್ರಿ.”

ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಕೇಳಿರದ ಪ್ರಶ್ನೆ. ನಮ್ಮ ರೋಗಿಗಳು ಚೀಟಿಯನ್ನು ಹಣೆಗೆ ಒತ್ತಿಕೊಂಡು ಜೇಬಿಗೆ ಇಡುತ್ತಾರೆ. ನಾನು ಓದಿ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳತೊಡಗಿದೆ. ವಯಸ್ಸು ಬಂತು, ಗಂಟಿನ ಅಳತೆ ಬಂತು, ಶ್ವಾಸನಾಳ ಬಂತು. ಕೊನೆಯ ಸಾಲಿಗೆ ಬಂದು ನಿಂತೆ.

“ಯಾಕ್ರಿ, ಮುಂದ ಚಲೋ ಇಲ್ಲೇನು?”

“ಹಂಗೇನಿಲ್ರಿ ಅಯ್ಯನವ್ರ. ಈ ಆಪರೇಷನ್ ಡಾಂಟಿಂಗ್ ಐತಿ ಅಂತ ಬರದೀನಿ.”

“ಹಂಗಂದ್ರ?”

“ಹಂಗಂದ್ರ... ನೋಡಿದ್ರ ಹೆದರಿಕಿ ಆಗೂ ಹಂಗ ಐತಿ ಅಂತ.”

ಅವರು ಗಂಟಿನ ಮೇಲೆ ಕೈ ಇಟ್ಟುಕೊಂಡರು. ಬಳಿಕ ಕೇಳಿದರು:

“ಯಾರಿಗ್ರಿ ಹೆದರಿಕಿ?”

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವರೇ ಮುಂದುವರಿಸಿದರು. “ಗಂಟಿಗಂತೂ ಹೆದರಿಕಿ ಇರಂಗಿಲ್ಲ. ನನಗ ಇಲ್ಲ, ಕಾಶ್ಯಾಗ ಕುಂತು ಸಾಯಾಕ ಹೆದರಿದ್ರ ಮಂದಿ ನಗ್ತಾರ. ಇನ್ನ ಈ ಖೋಲ್ಯಾಗ ಉಳದವರು ನೀವ ಒಬ್ಬರು.”

ವ್ಯಂಗ್ಯವಾಗಿ ಹೇಳಿದ್ದರೆ ತಪ್ಪಿಸಿಕೊಳ್ಳಬಹುದಿತ್ತು, ವ್ಯಂಗ್ಯದಲ್ಲಿ ನಾನು ಅವರಿಗಿಂತ ಪಳಗಿದವನು. ಅವರು ಸುಮ್ಮನೆ, ಲೆಕ್ಕ ತಾಳೆ ನೋಡುವವರಂತೆ ಹೇಳಿದರು. ನನಗೆ ಸಿಟ್ಟು ಬಂತು. ಎದ್ದು ಬಾಗಿಲು ಹಾಕಿ ಬಂದೆ. ಬಂದು ಕೂತವನು, ಹೆಂಡತಿಗೂ ಹೇಳಿರದ ಮಾತನ್ನು ಆ ಮನುಷ್ಯನಿಗೆ ಹೇಳಿಬಿಟ್ಟೆ.

ಆರು ವರ್ಷಗಳ ಹಿಂದೆ ಗಾಜಿಪುರದಿಂದ ಒಬ್ಬ ಶಿಕ್ಷಕಿ ಬಂದಿದ್ದರು, ಪ್ರಾಥಮಿಕ ಶಾಲೆಯ ಟೀಚರ್. ಇದೇ ತರಹದ ಗಂಟು, ಇದಕ್ಕಿಂತ ಚಿಕ್ಕದು. ನನಗೆ ಆಗ ಇಂಥ ಆಪರೇಷನ್ ಎಂದರೆ ಎಡಗೈ ಆಟ. ಆ ದಿನ ಇನ್ನೂ ಎರಡು ಕೇಸು ಕಾದಿದ್ದವು, ಬೇಗ ಮುಗಿಸಿದೆ. ಎಷ್ಟು ಬೇಗ ಮುಗಿಸಿದೆನೆಂದು ನರ್ಸುಗಳು ಮೆಚ್ಚಿ ಮಾತಾಡಿಕೊಂಡರು. ಆಕೆಗೆ ಎಚ್ಚರವಾದಾಗ ದನಿ ಇರಲಿಲ್ಲ, ಬರೀ ಗಾಳಿ. ಒಂದು ಎಳೆಯನ್ನು ನಾನು ಕತ್ತರಿಸಿದ್ದೆ. ಕತ್ತರಿಸಿದ ಕ್ಷಣದಲ್ಲಿಯೇ ಗೊತ್ತಾಗಿತ್ತು ಕೂಡ. ಆಕೆಯ ಗಂಡನಿಗೆ ಹೊರಗೆ ಬಂದು ಹೇಳಿದ್ದೇನು? ಕೇಸ್ ಬಹಳ ಡಾಂಟಿಂಗ್ ಇತ್ತು, ಹೀಗೆಲ್ಲ ಆಗುತ್ತದೆ, ಗಂಟಲಿಗೆ ವಿಶ್ರಾಂತಿ ಕೊಡಿ. ಆತ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಡಿಸ್ಚಾರ್ಜ್ ಶೀಟಿನಲ್ಲಿಯೂ ಅದನ್ನೇ ಬರೆದೆ. ಅಂದಿನಿಂದ ದೊಡ್ಡ ಥೈರಾಯ್ಡ್ ಗಂಟು ಬಂದರೆ ನಾನು ಕತ್ತಿ ಮುಟ್ಟಿಲ್ಲ. ಚೀಟಿ ಬರೆಯುತ್ತೇನೆ, ನನ್ನ ಚೀಟಿಯ ಕೀರ್ತಿ ಶುರುವಾದದ್ದೂ ಆಗಲೇ.

ಅಯ್ಯನವರು ಎಲ್ಲವನ್ನೂ ಕೇಳಿದರು. ‘ಅಯ್ಯೋ’ ಎನ್ನಲಿಲ್ಲ, ‘ಹೋಗಲಿ ಬಿಡ್ರಿ’ ಎಂದೂ ಎನ್ನಲಿಲ್ಲ. ಚೀಟಿಯನ್ನು ಮೊದಲಿನಂತೆಯೇ ಮಡಚಿ ನನ್ನ ಮೇಜಿನ ಮೇಲಿಟ್ಟರು.

“ದಿಲ್ಲಿಗಿ ಹೋಗಂಗಿಲ್ರಿ ನಾ. ನೀವ ತಗೀರಿ.”

“ಇಷ್ಟ ಕೇಳಿದ ಮ್ಯಾಲೂ?”

“ಕೇಳಿದ್ದಕ್ಕ ಹೇಳಾಕತ್ತೀನಿ. ಹೆದರಿದವನ ಕೈ ಸಾವಕಾಶ ಕೊಯ್ತದ. ದಿಲ್ಲ್ಯಾಗ ಹೆದರಲಾರದವ ಯಾಂವರ ಸಿಕ್ಕ ಅಂದ್ರ ನಾ ಏನ್ ಮಾಡ್ಲಿ?”

ಇದಕ್ಕೆ ಯಾವ ವೈದ್ಯಕೀಯ ಪುಸ್ತಕದಲ್ಲಿಯೂ ಉತ್ತರವಿಲ್ಲ. ನಾನು ಹುಡುಕಿದ್ದೇನೆ. ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ಇನ್ನೊಂದು ಮಾತು ಸೇರಿಸಿದರು.

“ನಮ್ಮ ಮಂದಿ ಕಾಶಿಗಿ ಬಂದ್ರ ಏನರ ಒಂದು ಬಿಟ್ಟು ಹೋಗ್ತಾರ್ರಿ. ಭಾಳ ಮಂದಿ ಹಾಗಲಕಾಯಿ ಬಿಡ್ತಾರ. ಮನ್ಯಾಗ ಕೇಳಿದ್ರ ಮೊದಲ ತಿಂತಿದ್ದಿಲ್ಲ ಅಂತ ಗೊತ್ತಾಗ್ತದ. ನೀವು ಇಷ್ಟು ವರ್ಷ ಇಲ್ಲೇ ಇದ್ದೀರಿ, ಇನ್ನೂ ಏನೂ ಬಿಟ್ಟಂಗಿಲ್ಲ. ಆ ಶಬ್ದ ಬಿಡ್ರಿ.”

ನಾನು ನಕ್ಕೆ. ಅವರು ನಗಲಿಲ್ಲ.

ಮುಖ್ಯಸ್ಥರಿಗೆ ವಿಷಯ ತಿಳಿಸಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಇತ್ನಾ ಡಾಂಟಿಂಗ್ ಕೇಸ್, ಯಹಾಂ?” ಎಂದರು, ಇಂಥ ಕೇಸನ್ನು ಇಲ್ಲಿಯೇ ಮಾಡುವುದೇ ಎಂಬಂತೆ. ಹೌದು, ನನಗೆ ಹೆದರಿಕೆಯಾಗಿದೆ, ಆದರೂ ಮಾಡುತ್ತೇನೆ ಎಂದೆ. ಆ ಕೋಣೆಯಲ್ಲಿ ಅಂಥ ವಾಕ್ಯವನ್ನು ಯಾರೂ ಆಡಿರಲಿಲ್ಲ. ಅವರು ಮುಜುಗರಪಟ್ಟುಕೊಂಡರು, ನಾನೇನೋ ಅವರೆದುರಿಗೆ ಅಂಗಿ ಬಿಚ್ಚಿದಂತೆ. ಆಮೇಲೆ, ನಿಮಗೆ ಆರೋಗ್ಯ ಸರಿಯಿದೆಯಷ್ಟೆ ಎಂದು ವಿಚಾರಿಸಿದರು.

ಆಪರೇಷನ್ನಿನ ಹಿಂದಿನ ವಾರವೆಲ್ಲ ನಾನು ಮನುಷ್ಯನ ಕುತ್ತಿಗೆಯ ಚಿತ್ರಗಳನ್ನು ನೋಡುತ್ತ ಕೂತೆ, ಮೊದಲ ವರ್ಷದ ವಿದ್ಯಾರ್ಥಿಗಳು ಪರೀಕ್ಷೆಗೆ ಕೂರುವಂತೆ. ಹೆಂಡತಿ ಬಂದು ನೋಡಿ, “ಇಷ್ಟು ವರ್ಷದ ಮ್ಯಾಲೆ ಇದೇನು ಹೊಸ ಅಭ್ಯಾಸ?” ಎಂದಳು. ಗಂಟು ತೆಗೆಯಲು ಐದೂವರೆ ಗಂಟೆ ಹಿಡಿಯಿತು. ನನ್ನ ಹಳೆಯ ವೇಗದಲ್ಲಾಗಿದ್ದರೆ ಎರಡೂವರೆ ಸಾಕಿತ್ತು. ಅರಿವಳಿಕೆಯ ಡಾಕ್ಟರು ಮೂರು ಸಲ ಗಡಿಯಾರ ನೋಡಿದರು, ಎರಡು ಸಲ ಕೆಮ್ಮಿದರು, ಕೊನೆಗೆ “ಸರ್, ನೀವು ಕಸೂತಿ ಹಾಕುತ್ತಿದ್ದೀರಾ?” ಎಂದು ಹಿಂದಿಯಲ್ಲಿ ಕೇಳಿದರು. ಬಲಗಡೆಯ ಎಳೆ ಬೇಗ ಕಂಡಿತು. ಎಡಗಡೆಯದು ಕಾಣಲಿಲ್ಲ. ಗಂಟಿನ ಹಿಂದೆ, ಇರಬೇಕಾದ ಜಾಗದಲ್ಲಿ ಇರಲಿಲ್ಲ. ಕಾಣದ ಹೊರತು ಕತ್ತಿ ಆಡಿಸುವುದಿಲ್ಲವೆಂದು ಕೈಯನ್ನು ಹಾಗೇ ಹಿಡಿದು ನಿಂತೆ. ಎಷ್ಟೋ ಹೊತ್ತಿನ ಮೇಲೆ ಅದು ಗಂಟಿನ ಮೇಲುಗಡೆಯೇ ಹಾದುಹೋಗಿರುವುದು ಕಣ್ಣಿಗೆ ಬಿತ್ತು. ಗಂಟು ಬೆಳೆಯುತ್ತ ಅದನ್ನು ಮುಂದಕ್ಕೆ ನೂಕಿತ್ತು. ಅವಸರ ಮಾಡಿದ್ದರೆ ಮೊದಲ ಏಟಿಗೇ ತುಂಡಾಗುತ್ತಿತ್ತು.

ಮುಗಿದ ಮೇಲೆ ಮುಖ್ಯಸ್ಥರು ಬಾಗಿಲಲ್ಲಿ ತಲೆ ಹಾಕಿ, ಕೇಸ್ ಡಾಂಟಿಂಗ್ ಇತ್ತು, ನಮ್ಮ ವಿಭಾಗಕ್ಕೆ ಹೆಮ್ಮೆ ಎಂದರು. ಕೆಲಸ ಮುಗಿದ ಮೇಲೂ ಆ ಶಬ್ದ ಬಳಸಬಹುದೆಂದು ಅಂದು ತಿಳಿಯಿತು. ಆಗ ಅದು ಪಕ್ಕದಲ್ಲಿ ನಿಂತವರ ಸ್ವತ್ತಾಗುತ್ತದೆ.

ಎಳೆಗಳನ್ನು ಉಳಿಸಿದರೂ ದನಿ ಉಳಿಯುತ್ತದೆಂಬ ಖಾತ್ರಿಯಿಲ್ಲ. ಎಳೆದಾಡಿದ ನರ ಸೋತುಹೋಗಿರಬಹುದು. ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದೆ. ಅಯ್ಯನವರು ದಿಂಬಿಲ್ಲದೆ ಅಂಗಾತ ಮಲಗಿದ್ದರು. ಮೂರು ತಿಂಗಳ ನಂತರ ಹಾಗೆ ಮಲಗಿದ್ದು. ನರ್ಸ್ ಹೇಳಿದಳು, ಎಚ್ಚರವಾದಾಗಿನಿಂದ ಒಂದು ಮಾತೂ ಆಡಿಲ್ಲ, ನೀರು ಬೇಕಾದರೂ ಕೈಸನ್ನೆ. ಮಂಚದ ಪಕ್ಕ ಕೂತು ಕೈ ಹಿಡಿದುಕೊಂಡೆ.

“ಅಯ್ಯನವ್ರ, ಏನರ ಒಂದು ಅನ್ರಿ.”

ಅವರು ನನ್ನನ್ನು ನೋಡುತ್ತಲೇ ಇದ್ದರು. ಆಡಲಾರರೋ ಆಡಲೊಲ್ಲರೋ ತಿಳಿಯಲಿಲ್ಲ. ದೇವರ ಮೇಲೆ ನನಗೆ ಅಂಥ ವಿಶ್ವಾಸವೇನಿಲ್ಲ, ಕಾಶಿಯಲ್ಲಿ ಇಷ್ಟು ವರ್ಷ ಇದ್ದರೂ ಬಂದಿಲ್ಲ. ಆದರೂ ಆ ಹೊತ್ತಿನಲ್ಲಿ ಯಾರನ್ನಾದರೂ ಬೇಡಿಕೊಳ್ಳಲು ನಾನು ತಯಾರಿದ್ದೆ.

“ಆ ಬಾಯಾರಿಗೆ ಹೇಳಿದ್ರೇನು?”

ದಪ್ಪ ದನಿ, ಒರಟು, ಆದರೆ ಅವರದೇ ದನಿ. ಆ ಸಂತೋಷದಲ್ಲಿ ಅವರು ಕೇಳಿದ್ದೇನೆಂಬುದು ನನ್ನ ತಲೆಗೆ ಹೋಗಲಿಲ್ಲ.

“ಯಾವ ಬಾಯಾರಿಗ್ರಿ?”

“ಗಾಜಿಪುರದ ಸಾಲಿ ಬಾಯಾರಿಗೆ. ನನಗ ಹೇಳಿದ್ರಲ್ಲಾ, ಅದನ್ನ.”

ನಾನು ಅವರ ನಾಡಿ ನೋಡಿದೆ, ಗಾಯದ ಪಟ್ಟಿ ನೋಡಿದೆ, ಕೇಸ್ ಶೀಟ್ ನೋಡಿದೆ. ನೋಡಲು ಇನ್ನೇನೂ ಉಳಿಯಲಿಲ್ಲ. “ಇಲ್ರಿ” ಎಂದೆ. ಅವರು ಕಣ್ಣು ಮುಚ್ಚಿಕೊಂಡರು, ಇನ್ನು ನಿದ್ದೆ ಮಾಡುತ್ತೇನೆ ಎಂಬಂತೆ.

ಗಾಜಿಪುರ ಇಲ್ಲಿಂದ ದೂರವೇನಲ್ಲ, ಬಸ್ಸಿನಲ್ಲಿ ಒಂದು ಬೆಳಗು ಸಾಕು. ಆ ಒಂದು ಬೆಳಗು ನನಗೆ ಏಳು ವಾರ ಸಿಗಲಿಲ್ಲ. ಒಂದು ಭಾನುವಾರ ಮಳೆ, ಒಂದು ಭಾನುವಾರ ಸಂಬಂಧಿಕರು, ಇನ್ನೊಂದು ಭಾನುವಾರ ಹೊಟ್ಟೆನೋವು. ಅಯ್ಯನವರು ಅಷ್ಟರಲ್ಲಿ ಮಠದಲ್ಲಿ ಪ್ರಾರ್ಥನೆ ಎತ್ತಿಕೊಡಲು ಶುರುಮಾಡಿದ್ದರು. ತಪಾಸಣೆಗೆ ಬಂದಾಗಲೆಲ್ಲ ಆ ವಿಷಯ ಎತ್ತಲಿಲ್ಲ. ನನ್ನ ಮುಖ ನೋಡಿ ಹೋಗುತ್ತಿದ್ದರು. ಎಂಟನೆಯ ಭಾನುವಾರ ಹಳೆಯ ಫೈಲಿನಿಂದ ವಿಳಾಸ ಬರೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹಿಂದಿಯಲ್ಲಿ ಒಳ್ಳೆಯ ವಾಕ್ಯಗಳನ್ನು ಹೊಂದಿಸಿಕೊಂಡೆ. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಬಾಗಿಲು ತೆರೆದದ್ದು ಆಕೆಯ ಗಂಡ. ನನ್ನನ್ನು ಗುರುತು ಹಿಡಿದು ಮತ್ತೆ ಕಾಲಿಗೆ ಬಗ್ಗಿದ, ನಾನು ಹಿಂದೆ ಸರಿದೆ. ಟೀಚರ್ ಅಂಗಳದಲ್ಲಿ ಬೇಳೆ ಆರಿಸುತ್ತಿದ್ದರು. ಈಗ ಪಾಠ ಮಾಡುತ್ತಿಲ್ಲವೆಂದೂ, ಶಾಲೆಯವರು ಆಕೆಯನ್ನು ಆಫೀಸಿನ ರಿಜಿಸ್ಟರ್ ಬರೆಯಲು ಹಾಕಿದ್ದಾರೆಂದೂ ಗಂಡ ಹೇಳಿದ. ನನಗೆ ಕುರ್ಚಿ ತಂದುಕೊಟ್ಟರು. ಹೊಂದಿಸಿಕೊಂಡ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನಿಮ್ಮ ದನಿ ಹೋದದ್ದು ನನ್ನ ಕೈಯಿಂದ ಎಂದೆ. ಅವಸರದಲ್ಲಿದ್ದೆ, ನರ ಕತ್ತರಿಸಿದೆ, ಅದು ಆಗಲೇ ನನಗೆ ಗೊತ್ತಿತ್ತು, ನಿಮಗೆ ಸುಳ್ಳು ಹೇಳಿದೆ, ಹೆದರಿ ಹೇಳಿದೆ. ಗಂಡ ನಿಂತಲ್ಲೇ ನಿಂತ. ನಾನು ಬೈಗುಳಕ್ಕೆ ತಯಾರಾಗಿ ಕೂತೆ.

ಟೀಚರ್ ಬೇಳೆಯ ಮೊರವನ್ನು ಕೆಳಗಿಟ್ಟು ಏನೋ ಹೇಳಿದರು. ಬರೀ ಉಸಿರು ಬಂತು. ಪಕ್ಕದ ಮನೆಯ ಮಿಕ್ಸಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಬಗ್ಗಿ ಕೂತೆ. ಆಕೆ ಗಂಡನ ಕಡೆ ನೋಡುತ್ತ ಅದೇ ಮಾತನ್ನು ಮತ್ತೊಮ್ಮೆ ಹೇಳಿದರು.

“ನಾನು ಕ್ಲಾಸಿನಲ್ಲಿ ಮಕ್ಕಳನ್ನು ಗದರಿಸುತ್ತಿದ್ದೆನಲ್ಲ, ಅದಕ್ಕೇ ದೇವರು ದನಿ ಕಿತ್ತುಕೊಂಡ ಅಂತ ಇಷ್ಟು ವರ್ಷ ತಿಳಿದುಕೊಂಡಿದ್ದೆ.”